ಪರದೆಯಿಂದ ಬೀದಿಗೆ: ಗಿರೀಶ ಕಾರ್ನಾಡರ ನಡೆ-ನುಡಿ

(ಬೆಂಗಳೂರಿನ ಜಯನಗರದಲ್ಲಿ ನಡೆದ ತಿಂಗಳ ಶರಣ ಚಿಂತನ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ಶರಣರ ಗೋಷ್ಠಿಯಲ್ಲಿ ಒಬ್ಬ ಸಿನಿಮಾ ನಟನ ಬಗ್ಗೆ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ನ್ಯಾಯವಾದ ಪ್ರಶ್ನೆ. ಕಾರ್ನಾಡರು ಲಿಂಗಾಯತರಲ್ಲ, ಇಷ್ಟಲಿಂಗ ಕಟ್ಟಿಕೊಂಡವರಲ್ಲ, ತಮ್ಮನ್ನು ಭಕ್ತ ಎಂದು ಕರೆದುಕೊಂಡವರೂ ಅಲ್ಲ. ಆದರೆ ಬಸವಣ್ಣನವರ ಕಲ್ಯಾಣ ಹೇಗೆ ಉರಿಯಿತು ಎಂಬುದನ್ನು ಕನ್ನಡದ ರಂಗಭೂಮಿಯ ಮೇಲೆ ತಂದು ನಿಲ್ಲಿಸಿ, ದೇಶದ ಬೇರೆ ಭಾಷೆಗಳ ಜನರಿಗೂ ಆ ಕಥೆಯನ್ನು ಮುಟ್ಟಿಸಿದವರಲ್ಲಿ ಅವರು ಮುಖ್ಯರು. ಬದುಕಿನ ಕೊನೆಯ ವರ್ಷಗಳಲ್ಲಿ, ನಮ್ಮ ಮನೆಯ ಇಬ್ಬರು ಗುಂಡಿಗೆ ಬಲಿಯಾದಾಗ, ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡೇ ಬೀದಿಗೆ ಬಂದು ನಿಂತವರು. ಇದೇ ದಕ್ಷಿಣ ಬೆಂಗಳೂರಿನ ಜೆ.ಪಿ. ನಗರದಲ್ಲಿ ಬಹುಕಾಲ ಬಾಳಿದ ಅವರ ಜೀವನವನ್ನು ನಾವು ಒಮ್ಮೆ ಶರಣರ ಅಳತೆಗೋಲಿನಿಂದ ನೋಡಬೇಕು. ಹಾಗೆ ನೋಡಿದರೆ ಆ ಅಳತೆಗೋಲು ನಮ್ಮ ಕಡೆಗೂ ತಿರುಗುತ್ತದೆ. ಅದನ್ನೂ ಇಂದು ಮುಚ್ಚಿಡದೆ ಹೇಳಬೇಕೆಂದುಕೊಂಡಿದ್ದೇನೆ.

ಕಾರ್ನಾಡರು ಹುಟ್ಟಿದ್ದು 1938ರ ಮೇ 19ರಂದು, ಮಹಾರಾಷ್ಟ್ರದ ಮಾಥೇರಾನದಲ್ಲಿ. ತಂದೆ ಡಾ. ರಘುನಾಥ ಕಾರ್ನಾಡ, ಸರ್ಕಾರಿ ವೈದ್ಯರು. ತಾಯಿ ಕೃಷ್ಣಾಬಾಯಿ. ಈ ತಾಯಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಕೈಯಲ್ಲೊಂದು ಮಗು ಇಟ್ಟುಕೊಂಡು, ನರ್ಸ್ ಕೆಲಸ ಕಲಿತು ತನ್ನ ಕಾಲ ಮೇಲೆ ನಿಂತ ಹೆಣ್ಣುಮಗಳು ಆಕೆ. ಸಾರಸ್ವತ ಬ್ರಾಹ್ಮಣ ಸಮಾಜದಲ್ಲಿ ವಿಧವೆಯ ಮರುಮದುವೆ ಎಂದರೆ ದೊಡ್ಡ ಅಪರಾಧ ಎನ್ನಿಸುತ್ತಿದ್ದ ಕಾಲದಲ್ಲಿ ಡಾಕ್ಟರನ್ನು ಮದುವೆಯಾದರು. ನಮ್ಮ ಹಳ್ಳಿಗಳಲ್ಲಿ ಉಡಿಕೆ ಎಂಬ ಪದ್ಧತಿ ಇತ್ತು. ಗಂಡ ಸತ್ತ ಹೆಣ್ಣುಮಗಳಿಗೆ ಮತ್ತೆ ಸೀರೆ ಉಡಿಸಿ ಬಾಳು ಕೊಡುವ ಪದ್ಧತಿ. ಪೇಟೆ ಸೇರಿದ ಮೇಲೆ, ನಾಲ್ಕು ಅಕ್ಷರ ಕಲಿತ ಮೇಲೆ, ನಮ್ಮವರಲ್ಲೇ ಎಷ್ಟೋ ಮನೆಗಳು ಅದನ್ನು ಕೀಳೆಂದು ಬಿಟ್ಟುಬಿಟ್ಟವು. ನಾವು ಬಿಟ್ಟದ್ದನ್ನು ಆ ತಾಯಿ ಹಿಡಿದಳು. ಇಂಥ ಮದುವೆಯ ಮಗ ಮುಂದೆ ಒಂದು ಮದುವೆಯ ಸುತ್ತಲೇ ಕಲ್ಯಾಣದ ನಾಟಕ ಬರೆದ.

ಬಾಲ್ಯ ಶಿರಸಿಯಲ್ಲಿ, ಆಮೇಲೆ ಧಾರವಾಡದಲ್ಲಿ. ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದರು. ಅಲ್ಲಿನ ವಿದ್ಯಾರ್ಥಿಗಳ ಚರ್ಚಾಸಂಘ ಆಕ್ಸ್‌ಫರ್ಡ್ ಯೂನಿಯನ್ನಿಗೆ ಅಧ್ಯಕ್ಷರೂ ಆದರು. 1961ರಲ್ಲಿ ‘ಯಯಾತಿ’, 1964ರಲ್ಲಿ ‘ತುಘಲಕ್’, 1971ರಲ್ಲಿ ‘ಹಯವದನ’. 1998ರ ಜ್ಞಾನಪೀಠ ಪ್ರಶಸ್ತಿಯವರೆಗಿನ ಸಾಹಿತ್ಯದ ಹಾದಿ ನಿಮಗೆಲ್ಲ ಗೊತ್ತಿರುವುದೇ. ಅದನ್ನು ಬಿಟ್ಟು ಪರದೆಯ ಕಡೆಗೆ ಬರುತ್ತೇನೆ.

1970ರಲ್ಲಿ ತೆರೆಕಂಡ ‘ಸಂಸ್ಕಾರ’ ಅವರ ಮೊದಲ ಚಿತ್ರ. ಯು.ಆರ್. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ. ಒಂದು ಅಗ್ರಹಾರದಲ್ಲಿ ಜಾತಿಯ ಕಟ್ಟು ಮೀರಿದ ನಾರಣಪ್ಪ ಸಾಯುತ್ತಾನೆ. ಅವನ ಹೆಣದ ಸಂಸ್ಕಾರ ಯಾರು ಮಾಡಬೇಕು ಎಂಬ ಪ್ರಶ್ನೆಯಲ್ಲಿ ಇಡೀ ಅಗ್ರಹಾರ ಬೆತ್ತಲಾಗುತ್ತದೆ. ಸೆನ್ಸಾರ್ ಮಂಡಳಿ ಮೊದಲು ಪ್ರಮಾಣಪತ್ರ ಕೊಡಲಿಲ್ಲ. ಕೊನೆಗೆ ಬಿಡುಗಡೆಯಾಗಿ, ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪತಿಗಳ ಸ್ವರ್ಣಪದಕವನ್ನು ಕನ್ನಡಕ್ಕೆ ಮೊದಲ ಸಲ ತಂದಿತು.

ಆ ಚಿತ್ರದ ಮೂವರು ಪಾತ್ರಧಾರಿಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಪ್ರಾಣೇಶಾಚಾರ್ಯನ ಪಾತ್ರ ಗಿರೀಶ ಕಾರ್ನಾಡರದು. ಚಂದ್ರಿಯ ಪಾತ್ರ ಸ್ನೇಹಲತಾ ರೆಡ್ಡಿಯವರದು. ನಾರಣಪ್ಪನ ಪಾತ್ರ ಪಿ. ಲಂಕೇಶರದು. ಮುಂದಿನ ಐವತ್ತು ವರ್ಷಗಳ ಕರ್ನಾಟಕದ ಸಾರ್ವಜನಿಕ ಬದುಕು ಈ ಮೂರು ಮನೆಗಳ ಮೂಲಕ ಹಾದುಹೋಗಿದೆ.

ಮೊದಲು ಸ್ನೇಹಲತಾ ಅವರ ಕಥೆ. ತುರ್ತುಪರಿಸ್ಥಿತಿ ಬಂತು. ಜಾರ್ಜ್ ಫರ್ನಾಂಡಿಸರ ಗೆಳೆತನದ ಕಾರಣಕ್ಕೆ, ಬರೋಡಾ ಡೈನಮೈಟ್ ಪ್ರಕರಣದ ನೆಪದಲ್ಲಿ, 1976ರ ಮೇ ತಿಂಗಳಲ್ಲಿ ಅವರನ್ನು ಹಿಡಿದು ಬೆಂಗಳೂರಿನ ಕೇಂದ್ರ ಕಾರಾಗೃಹಕ್ಕೆ ಹಾಕಿದರು. ಇಂದು ನಾವು ಧರಣಿ ಕೂರುವ ಫ್ರೀಡಂ ಪಾರ್ಕ್ ಇದೆಯಲ್ಲ, ಅದೇ ಆಗಿನ ಜೈಲು. ಅವರಿಗೆ ಆಸ್ತಮಾ ಇತ್ತು. ಎಂಟು ತಿಂಗಳು ಒಳಗೇ ನರಳಿದರು. ಜೀವ ಹೋಗುವ ಸ್ಥಿತಿ ಬಂದಾಗ ಪೆರೋಲಿನ ಮೇಲೆ ಹೊರಗೆ ಬಿಟ್ಟರು. ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ನಟಿಯೊಬ್ಬಳು ಮಾತಿಗಾಗಿ ಉಸಿರು ತೆತ್ತ ಈ ಕಥೆ ನಮ್ಮ ಊರಿನದು. ಇಂದಿನ ಹುಡುಗ ಹುಡುಗಿಯರಿಗೆ ಅವರ ಹೆಸರೂ ಗೊತ್ತಿಲ್ಲ ಎಂಬುದು ದುಃಖದ ಸಂಗತಿ.

ಕಾರ್ನಾಡರು ಆಗ ಸಿನಿಮಾದಲ್ಲಿ ಬೆಳೆಯುತ್ತಿದ್ದರು. ‘ವಂಶವೃಕ್ಷ’, ‘ಕಾಡು’, ‘ಒಂದಾನೊಂದು ಕಾಲದಲ್ಲಿ’ ಚಿತ್ರಗಳ ನಿರ್ದೇಶನ. ‘ನಿಶಾಂತ್’, ‘ಮಂಥನ್’ ಚಿತ್ರಗಳಲ್ಲಿ ಅಭಿನಯ. 1976ರ ‘ಮಂಥನ್’ ಬಗ್ಗೆ ಒಂದು ಮಾತು: ಗುಜರಾತಿನ 5 ಲಕ್ಷ ಹಾಲು ಉತ್ಪಾದಕ ರೈತರು ತಲೆಗೆ 2 ರೂಪಾಯಿಯಂತೆ ಹಾಕಿ ಮಾಡಿಸಿದ ಚಿತ್ರ ಅದು. ಹಳ್ಳಿಯಲ್ಲಿ ಹಾಲಿನ ಸಹಕಾರ ಸಂಘ ಕಟ್ಟಲು ಬಂದು, ಅಲ್ಲಿನ ಜಾತಿಯ ಗೋಡೆಗೆ ಡಿಕ್ಕಿ ಹೊಡೆಯುವ ಪಶುವೈದ್ಯನ ಪಾತ್ರ ಕಾರ್ನಾಡರದು. ಕಾಯಕ ಮಾಡುವವರೇ ದುಡ್ಡು ಕೂಡಿಸಿ ತಮ್ಮ ಕಥೆ ಹೇಳಿಕೊಂಡದ್ದು ದಾಸೋಹದ ಇನ್ನೊಂದು ರೂಪವೇ ಎಂದು ನನಗನ್ನಿಸುತ್ತದೆ. ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ಅಪ್ಪನಾಗಿ ದೇಶದ ಮನೆಮನೆಗೂ ಆ ಮುಖ ಪರಿಚಯವಾಯಿತು. ಮುಂದೆ ಹಿಂದಿಯ ದೊಡ್ಡ ದೊಡ್ಡ ಚಿತ್ರಗಳಲ್ಲೂ ನಟಿಸಿದರು.

ಈಗ 1989ಕ್ಕೆ ಬರೋಣ. ಒಂದು ಕಡೆ ಮಂದಿರದ ಕೂಗು, ಇನ್ನೊಂದು ಕಡೆ ಮಂಡಲ್ ವರದಿಯ ಗದ್ದಲ. ಜಾತಿ ಮತ್ತು ಧರ್ಮದ ಹೆಸರಲ್ಲಿ ದೇಶ ಕುದಿಯುತ್ತಿದ್ದಾಗ ಕಾರ್ನಾಡರು 12ನೆಯ ಶತಮಾನದ ಕಲ್ಯಾಣಕ್ಕೆ ಹೋದರು. ಬರೆದ ನಾಟಕ ‘ತಲೆದಂಡ’. 1994ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಕಥೆ ನಮಗೆ ತೊಟ್ಟಿಲಿನಿಂದಲೇ ಗೊತ್ತು. ಸಮಗಾರ ಹರಳಯ್ಯನವರ ಮಗ ಶೀಲವಂತ, ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳು. ಶರಣರಾದ ಮೇಲೆ ಹಿಂದಿನ ಕುಲವಿಲ್ಲ ಎಂಬ ಮಾತನ್ನು ನಂಬಿ ಆ ಎರಡು ಮನೆಗಳು ಬೀಗರಾದವು. ಫಲ, ಎಳೆಹೂಟೆ ಶಿಕ್ಷೆ, ಕಲ್ಯಾಣದಲ್ಲಿ ರಕ್ತ, ವಚನದ ಕಟ್ಟು ಹೊತ್ತು ಶರಣರು ದಿಕ್ಕುದಿಕ್ಕಿಗೆ ಚದುರಿದ್ದು. ನಾವು ಇದನ್ನು ಪುರಾಣದಂತೆ ಕೇಳಿ ಕೈಮುಗಿದುಬಿಡುತ್ತೇವೆ. ಕಾರ್ನಾಡರು ಕೈಮುಗಿಯಲು ಬಿಡುವುದಿಲ್ಲ. ಆ ನಾಟಕದ ಬಸವಣ್ಣ ಮದುವೆಯ ಸುದ್ದಿ ಕೇಳಿದೊಡನೆ ಹಿಗ್ಗುವುದಿಲ್ಲ. ಮುಂದೆ ಬರುವ ಹಿಂಸೆ ಆತನಿಗೆ ಕಾಣುತ್ತದೆ, ತಳಮಳಿಸುತ್ತಾನೆ, ಆದರೂ ತಾನು ಹೇಳಿದ ಮಾತಿನಿಂದ ಹಿಂದೆ ಸರಿಯಲು ಆತನಿಗೆ ಬಾರದು. ಹುಡುಗಿಯ ತಾಯಿಯ ಕಳವಳವೂ ಅಲ್ಲಿದೆ. ಶರಣರ ನಡುವೆಯೇ ಹುಟ್ಟುವ ಆವೇಶವೂ ಅಲ್ಲಿದೆ. ಜಗದೇವನಂಥ ಬಿಸಿರಕ್ತದ ಹುಡುಗರು ಕತ್ತಿ ಹಿಡಿದಾಗ ಬಸವಣ್ಣನ ದಾರಿ ಏನಾಗುತ್ತದೆ ಎಂಬ ಪ್ರಶ್ನೆಯನ್ನು ನಾಟಕ ಮುಚ್ಚಿಡುವುದಿಲ್ಲ. ತಳಮಳಿಸುವ ಬಸವಣ್ಣ ನಮ್ಮ ಕೆಲವರಿಗೆ ಹಿಡಿಸಲಾರ. ನನಗೆ ಆತ ಇನ್ನೂ ಹತ್ತಿರದವನಾಗಿ ಕಂಡಿದ್ದಾನೆ. ಮುಂದಿನ ನೋವು ಗೊತ್ತಿದ್ದೂ ಹೆಜ್ಜೆ ಇಟ್ಟವನಿಗೆ ಧೈರ್ಯವಂತ ಎನ್ನಬೇಕು. ಏನೂ ಗೊತ್ತಿಲ್ಲದೆ ನುಗ್ಗುವವನಿಗೆ ಆ ಮಾತು ಸಲ್ಲದು.

ಬಂಧುಗಳೇ, ಅದೇ 1989ರಲ್ಲಿ ನಮ್ಮ ಮನೆಯೊಳಗೆ ಏನು ನಡೆಯುತ್ತಿತ್ತು? ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರು ‘ಮಾರ್ಗ’ ಸಂಪುಟದಲ್ಲಿ ಶರಣರ ಚರಿತ್ರೆ ಕುರಿತು ಬರೆದ ಮಾತುಗಳಿಗಾಗಿ ಅವರ ಮೇಲೆ ಮುಗಿಬಿದ್ದವರು ಯಾರು? ನಮ್ಮವರೇ. ಮಾತು ಹಿಂದಕ್ಕೆ ತೆಗೆದುಕೊಳ್ಳುವವರೆಗೆ ಬಿಡಲಿಲ್ಲ. ಕೆಲವು ವರ್ಷಗಳ ಮೇಲೆ ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ ನಾಟಕ ಪಠ್ಯವಾದಾಗ ಅದರ ವಿರುದ್ಧ ಬೀದಿಗಿಳಿದವರೂ ನಮ್ಮವರೇ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಮುಂದೆ ಯಾರು ಬೇಕಾದರೂ ಎದ್ದು ಪ್ರಶ್ನೆ ಕೇಳಬಹುದಿತ್ತು ಎಂದು ಭಾಷಣ ಮಾಡುವ ನಾವು, ಪ್ರಶ್ನೆ ನಮ್ಮ ಬಾಗಿಲಿಗೆ ಬಂದಾಗ ಚಿಲಕ ಹಾಕಿಕೊಂಡೆವು. ಈ ಮಾತು ಕಹಿ. ಆದರೆ ಈ ಪತ್ರಿಕೆ, ಈ ಗೋಷ್ಠಿ ಇರುವುದೇ ಇಂಥ ಮಾತು ಆಡಲಿಕ್ಕೆ.

ಕಲಬುರ್ಗಿಯವರು ಆಮೇಲೂ ಬರೆಯುವುದನ್ನು ಬಿಡಲಿಲ್ಲ. ವಚನಗಳ ಪರಿಷ್ಕರಣೆ, ಶಾಸನಗಳ ಶೋಧ, ಲಿಂಗಾಯತ ಸ್ವತಂತ್ರ ಧರ್ಮ ಎಂಬ ವಾದ, ಎಲ್ಲಕ್ಕೂ ಅವರ ದುಡಿಮೆಯೇ ಅಡಿಪಾಯ. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಇದನ್ನು ಪ್ರತಿಭಟಿಸಿದ ದನಿಗಳಲ್ಲಿ ಕಾರ್ನಾಡರದೂ ಒಂದು. ಆಗ ಅವರಿಗೆ 77 ವರ್ಷ.

ಎರಡು ವರ್ಷ ಕಳೆಯಿತು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರ ಹತ್ಯೆಯಾಯಿತು. ‘ಸಂಸ್ಕಾರ’ದಲ್ಲಿ ಕಾರ್ನಾಡರ ಜೊತೆ ನಟಿಸಿದ್ದ ಲಂಕೇಶರ ಮಗಳು ಆಕೆ. ಲಿಂಗಾಯತ ಮನೆತನದ ಹೆಣ್ಣುಮಗಳು; ಲಿಂಗಾಯತ ಸ್ವತಂತ್ರ ಧರ್ಮದ ಚಳವಳಿ ಏಕೆ ನ್ಯಾಯವಾದದ್ದು ಎಂದು ಸಾಯುವ ಕೆಲವೇ ವಾರಗಳ ಹಿಂದೆ ಬರೆದಿದ್ದವರು. ಚಾಮರಾಜಪೇಟೆಯ ನಮ್ಮ ರುದ್ರಭೂಮಿಯಲ್ಲೇ ಆಕೆಯ ಸಮಾಧಿ ಇದೆ. ಕಲಬುರ್ಗಿಯವರನ್ನು ಕೊಂದ ಪಿಸ್ತೂಲೇ ಗೌರಿಯವರನ್ನೂ ಕೊಂದಿತು ಎಂದು ತನಿಖೆಯವರು ಹೇಳಿದರು.

2018ರಲ್ಲಿ ಆರೋಪಿಯೊಬ್ಬನಿಂದ ಸಿಕ್ಕ ಡೈರಿಯಲ್ಲಿ ಇನ್ನೂ ಕೆಲವರ ಹೆಸರು ಇದ್ದವೆಂದು ಪತ್ರಿಕೆಗಳಲ್ಲಿ ಬಂತು. ಅದರಲ್ಲಿ ಗಿರೀಶ ಕಾರ್ನಾಡರ ಹೆಸರಿತ್ತು. ಲೇಖಕಿ, ಮಾಜಿ ಸಚಿವೆ ಬಿ.ಟಿ. ಲಲಿತಾ ನಾಯಕರ ಹೆಸರಿತ್ತು. ನಿಡುಮಾಮಿಡಿ ಮಠದ ಶ್ರೀ ವೀರಭದ್ರ ಚನ್ನಮಲ್ಲ ಸ್ವಾಮೀಜಿಯವರ ಹೆಸರೂ ಇತ್ತು. ಒಂದೇ ಪಟ್ಟಿಯಲ್ಲಿ ಒಬ್ಬ ನಟ, ಒಬ್ಬ ಲೇಖಕಿ, ಒಬ್ಬ ಮಠಾಧೀಶರು. ಅವರನ್ನೆಲ್ಲ ಸೇರಿಸಿದ ಒಂದೇ ನೂಲು ಎಂದರೆ, ಅವರು ಬಾಯಿ ಬಿಟ್ಟು ಮಾತಾಡಿದ್ದರು.

ಪಟ್ಟಿಯ ಸುದ್ದಿ ಬಂದ ಮೇಲೆ ಆ ವಯಸ್ಸಿನವರು ಮನೆಯಲ್ಲಿ ಕೂತಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಶ್ವಾಸಕೋಶ ಸೋತಿತ್ತು. ಎಲ್ಲಿ ಹೋದರೂ ಆಮ್ಲಜನಕದ ಯಂತ್ರ ಜೊತೆಗೆ. ಆದರೂ 2018ರ ಸೆಪ್ಟೆಂಬರ್ 5ರಂದು, ಗೌರಿಯವರ ಮೊದಲ ವರ್ಷದ ನೆನಪಿನ ಸಭೆಗೆ ಬಂದು ಮುಂದಿನ ಸಾಲಿನಲ್ಲಿ ಕೂತರು. ಮೂಗಿನಲ್ಲಿ ನಳಿಕೆ, ಕೊರಳಿನಲ್ಲಿ ‘ಮೀ ಟೂ ಅರ್ಬನ್ ನಕ್ಸಲ್’ ಎಂಬ ಫಲಕ. ಅದಕ್ಕೆ ಒಂದು ವಾರ ಮೊದಲು ದೇಶದ ಹಲವೆಡೆ ಲೇಖಕರನ್ನು, ವಕೀಲರನ್ನು ಆ ಹಣೆಪಟ್ಟಿ ಹಚ್ಚಿ ಬಂಧಿಸಿದ್ದರು. ಹಾಗಾದರೆ ನಾನೂ ಅವರಲ್ಲೊಬ್ಬ ಎಂಬುದು ಅವರ ಮಾತು. ಇದಕ್ಕಾಗಿ ಅವರ ಮೇಲೆ ಪೊಲೀಸರಿಗೆ ದೂರೂ ಹೋಯಿತು.

ಸ್ನೇಹಲತಾ ಉಸಿರು ಕಟ್ಟಿ ಹೋದದ್ದು ಇಂದಿರಾ ಗಾಂಧಿಯವರ ಕಾಲದಲ್ಲಿ. ಕಾರ್ನಾಡರು ನಳಿಕೆಯಲ್ಲಿ ಉಸಿರಾಡುತ್ತ ಫಲಕ ಹಿಡಿದದ್ದು ಬೇರೆ ಪಕ್ಷದ ಕಾಲದಲ್ಲಿ. ಆದ್ದರಿಂದ ಇದು ಒಂದು ಪಕ್ಷದ ಪರ, ಇನ್ನೊಂದರ ವಿರುದ್ಧ ಎಂಬ ಲೆಕ್ಕಕ್ಕೆ ಇಳಿಸುವ ವಿಷಯವಲ್ಲ. ಅಧಿಕಾರದ ಪೀಠದಲ್ಲಿ ಯಾರೇ ಕೂತಿರಲಿ, ಬಿಜ್ಜಳನ ಓಲಗಕ್ಕೂ ಶರಣನ ಮಾತಿಗೂ ಒಂದು ಅಂತರ ಇದ್ದೇ ಇರುತ್ತದೆ.

ಕಾರ್ನಾಡರ ಎಲ್ಲ ಮಾತನ್ನೂ ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. 2015ರ ಏಪ್ರಿಲ್‌ನಲ್ಲಿ ಗೋಮಾಂಸ ನಿಷೇಧದ ವಿರುದ್ಧ ಪುರಭವನದ ಎದುರು ನಡೆದ ಪ್ರತಿಭಟನೆಗೆ ಅವರು ಹೋದದ್ದು ಸಸ್ಯಾಹಾರಿಗಳಾದ ನಮ್ಮಲ್ಲಿ ಬಹಳ ಜನಕ್ಕೆ ಹಿಡಿಸಲಿಲ್ಲ. ಇನ್ನೊಬ್ಬರ ಒಲೆಯೊಳಗೆ ಸರ್ಕಾರ ಇಣುಕಬಾರದು ಎಂಬ ನಿಲುವನ್ನು ಒಪ್ಪಲು ನಾವೇ ಮಾಂಸ ತಿನ್ನಬೇಕಾಗಿಲ್ಲ, ಅಷ್ಟೆ. ಅದೇ ವರ್ಷದ ನವೆಂಬರಿನಲ್ಲಿ, ಟಿಪ್ಪು ಜಯಂತಿಯ ಸಭೆಯಲ್ಲಿ, ವಿಮಾನ ನಿಲ್ದಾಣಕ್ಕೆ ಕೆಂಪೇಗೌಡರ ಬದಲು ಟಿಪ್ಪುವಿನ ಹೆಸರಿಟ್ಟಿದ್ದರೆ ಚೆನ್ನಾಗಿತ್ತು ಎಂದರು. ಜನರಿಗೆ ನೋವಾಯಿತು. ಮರುದಿನವೇ ಕ್ಷಮೆ ಕೇಳಿದರು. ಕಲಬುರ್ಗಿಗೆ ಆದದ್ದೇ ನಿನಗೂ ಆಗುತ್ತದೆ ಎಂಬ ಬೆದರಿಕೆ ಅದೇ ಹೊತ್ತಿಗೆ ಬಂತು. ನೋಯಿಸಿದ ಮಾತಿಗೆ ಕ್ಷಮೆ ಕೇಳಿದ ಮನುಷ್ಯ ಬೆದರಿಕೆಗೆ ಮಾತ್ರ ಬಗ್ಗಲಿಲ್ಲ. ಇವೆರಡರ ನಡುವಿನ ವ್ಯತ್ಯಾಸ ತಿಳಿದವರು ಸಾರ್ವಜನಿಕ ಬದುಕಿನಲ್ಲಿ ಕಡಿಮೆ.

ನಟರು ರಾಜಕೀಯಕ್ಕೆ ಬರುವುದು ಕರ್ನಾಟಕಕ್ಕೆ ಹೊಸದಲ್ಲ. ಡಾ. ರಾಜಕುಮಾರ್ 1982ರಲ್ಲಿ ಗೋಕಾಕ್ ಚಳವಳಿಗೆ ಇಳಿದಾಗ ನಾಡೇ ಎದ್ದು ನಿಂತಿತು. ಅವರು ಒಂದು ಓಟನ್ನೂ ಕೇಳಲಿಲ್ಲ. ಅನಂತನಾಗ್, ಅಂಬರೀಶ್, ಉಮಾಶ್ರೀ ಮಂತ್ರಿಗಳಾದರು. ಗೌರಿಯವರ ಹತ್ಯೆಯ ನಂತರ ಪ್ರಶ್ನೆ ಕೇಳಲು ಶುರುಮಾಡಿದ ಪ್ರಕಾಶ್ ರೈ 2019ರಲ್ಲಿ ಬೆಂಗಳೂರು ಕೇಂದ್ರದಿಂದ ಪಕ್ಷೇತರರಾಗಿ ನಿಂತು ಸೋತರು. ಕಾರ್ನಾಡರೂ ಚಿತ್ರಕಥೆಗೆ ಕೈಜೋಡಿಸಿದ್ದ 2007ರ ‘ಆ ದಿನಗಳು’ ಚಿತ್ರದಿಂದ ನಾಯಕರಾದ ಚೇತನ್, ಈಗ ಹೋರಾಟಗಾರರೆಂದೇ ಹೆಚ್ಚು ಪರಿಚಿತರು. ಟ್ವೀಟ್‌ಗಳಿಗಾಗಿ 2022 ಮತ್ತು 2023ರಲ್ಲಿ ಬಂಧನಕ್ಕೂ ಒಳಗಾದರು. ಒಬ್ಬೊಬ್ಬರ ದಾರಿ ಒಂದೊಂದು. ಕಾರ್ನಾಡರು ಯಾವ ಚುನಾವಣೆಗೂ ನಿಲ್ಲಲಿಲ್ಲ. ನಟನ ಆಸ್ತಿ ಎಂದರೆ ಅವನ ಮುಖ, ಅವನ ದನಿ. ಜಾಹೀರಾತಿಗೆ ಕೊಟ್ಟರೆ ಅದಕ್ಕೆ ದುಡ್ಡು ಬರುತ್ತದೆ. ಸತ್ತವರ ಪರವಾಗಿ ಕೊಟ್ಟರೆ ಬೈಗುಳ ಬರುತ್ತದೆ. ಕೊನೆಗಾಲದಲ್ಲಿ ಕಾರ್ನಾಡರು ತಮ್ಮ ಮುಖವನ್ನು ಎರಡನೆಯದಕ್ಕೆ ಕೊಟ್ಟರು. ನನಗೆ ಅದು ದಾಸೋಹವಾಗಿ ಕಾಣುತ್ತದೆ.

2019ರ ಜೂನ್ 10ರಂದು ಅವರು ಬೆಂಗಳೂರಿನ ತಮ್ಮ ಮನೆಯಲ್ಲಿ ತೀರಿಕೊಂಡರು. ಸರ್ಕಾರಿ ಗೌರವ ಬೇಡ, ಮೆರವಣಿಗೆ ಬೇಡ, ವಿಧಿ ವಿಧಾನ ಬೇಡ ಎಂಬುದು ಅವರ ಇಚ್ಛೆಯಾಗಿತ್ತು. ಕಲ್ಪಳ್ಳಿಯ ವಿದ್ಯುತ್ ಚಿತಾಗಾರದಲ್ಲಿ ಸದ್ದಿಲ್ಲದೆ ಎಲ್ಲ ಮುಗಿಯಿತು. ಹೆಣದ ಸಂಸ್ಕಾರದ ಜಗಳದ ಚಿತ್ರದಿಂದ ಪರದೆಗೆ ಬಂದವರು ಸೂತಕದ ಗೊಡವೆಯಿಲ್ಲದೆ ಹೋದರು. ಪಂಚಸೂತಕಗಳನ್ನು ಅಲ್ಲಗಳೆದ ಧರ್ಮ ನಮ್ಮದು. ಹನ್ನೊಂದನೆಯ ದಿನ, ತಿಥಿ, ಪಿಂಡ ಎಂದು ನಮ್ಮ ಎಷ್ಟು ಮನೆಗಳಲ್ಲಿ ಇಂದು ಪುರೋಹಿತರಿಗಾಗಿ ಕಾಯುತ್ತಿದ್ದೇವೆ ಎಂದು ಅವರವರೇ ಲೆಕ್ಕ ಹಾಕಿಕೊಳ್ಳಲಿ.

ಹಾಗಾದರೆ ನಮ್ಮ ಪಾಲಿನ ಕೆಲಸ ಏನು? ಮೂರು ಮಾತು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ಮಾತಿಗೆ ರಕ್ಷೆ. ಶರಣರ ಬಗ್ಗೆ ಯಾರಾದರೂ ನಮಗೆ ಹಿಡಿಸದ ಸಂಶೋಧನೆ ಬರೆದರೆ ಅದಕ್ಕೆ ಉತ್ತರವನ್ನು ಸಂಶೋಧನೆಯಿಂದಲೇ ಕೊಡೋಣ. ಪುಸ್ತಕ ನಿಲ್ಲಿಸಿ ಎಂದು ಮಠದ ಹೆಸರಲ್ಲಿ ಇನ್ನೊಮ್ಮೆ ಮೆರವಣಿಗೆ ಹೊರಡುವುದು ಬೇಡ. 1989ರಲ್ಲಿ ಕಲಬುರ್ಗಿಯವರನ್ನು ಒಂಟಿ ಮಾಡಿದ ನಮಗೆ 2015ರ ಕಣ್ಣೀರಷ್ಟೇ ಸಾಲದು.

ಎರಡನೆಯದು, ನಾಟಕ. ಸಾಣೇಹಳ್ಳಿಯ ಶ್ರೀಗಳು ‘ಶಿವ ಸಂಚಾರ’ದ ಮೂಲಕ ಮಠದ ಅಂಗಳದಿಂದಲೇ ನಾಡಿಗೆಲ್ಲ ನಾಟಕ ಕಳಿಸಿ ದಾರಿ ತೋರಿಸಿದ್ದಾರೆ. ನಮಗಂತೂ ಜೆ.ಪಿ. ನಗರದಲ್ಲಿ 2004ರಿಂದ ರಂಗಶಂಕರ ಇದೆ. ಶಂಕರನಾಗ್ ಅವರ ನೆನಪಿಗೆ ಅರುಂಧತಿ ನಾಗ್ ಕಟ್ಟಿ ನಿಲ್ಲಿಸಿದ ಮನೆ ಅದು. ನಮ್ಮ ಪ್ರಸಾದ ನಿಲಯಗಳ ಮಕ್ಕಳು ‘ತಲೆದಂಡ’ವನ್ನು ಓದಲಿ, ಆಡಲಿ, ಆಮೇಲೆ ಕೂತು ಜಗಳವಾಡಲಿ. ಬಸವಣ್ಣನವರನ್ನು ಕಾರ್ನಾಡರು ಸರಿಯಾಗಿ ಕಂಡರೋ ಇಲ್ಲವೋ ಎಂದು ಮಕ್ಕಳೇ ತೀರ್ಮಾನಿಸಲಿ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು, ಮದುವೆ. ಕಲ್ಯಾಣ ಉರಿದದ್ದು ಒಂದು ಮದುವೆಗಾಗಿ. ನಮ್ಮ ವಧೂವರರ ಸಮಾವೇಶದ ಅರ್ಜಿ ತೆಗೆದು ನೋಡಿ. ಒಳಪಂಗಡ ಎಂಬ ಸಾಲು ಇದ್ದೇ ಇರುತ್ತದೆ: ಪಂಚಮಸಾಲಿ, ಬಣಜಿಗ, ಸಾದರ, ನೊಳಂಬ, ಗಾಣಿಗ, ಜಂಗಮ. ಲಿಂಗಾಯತರೊಳಗೇ ಒಂದು ಪಂಗಡದವರು ಇನ್ನೊಂದಕ್ಕೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತೇವೆ. ಹರಳಯ್ಯನವರ ಕುಲದ ಹುಡುಗ ಓದಿ, ಕೆಲಸ ಹಿಡಿದು, ನಮ್ಮ ಬಾಗಿಲಿಗೆ ಬಂದರೆ ಒಳಗೆ ಕರೆಯುತ್ತೇವೆಯೇ? ಕನಿಷ್ಠ ಆ ಒಂದು ಸಾಲನ್ನು ಅರ್ಜಿಯಿಂದ ತೆಗೆಯೋಣ ಎಂದು ಈ ಗೋಷ್ಠಿಯ ಮುಂದೆ ಬೇಡಿಕೆ ಇಡುತ್ತೇನೆ. ಜಾತಿ ಮೀರಿ ಮದುವೆಯಾಗಿ, ಎರಡೂ ಮನೆಯವರು ಹೊರಹಾಕಿದ ಮಕ್ಕಳು ಬಂದರೆ, ನಮ್ಮ ಮಠಗಳಲ್ಲಿ ಅವರಿಗೊಂದು ಕೋಣೆ, ಎರಡು ಹೊತ್ತಿನ ಪ್ರಸಾದ, ಶ್ರೀಗಳ ಸಮ್ಮುಖದಲ್ಲಿ ಒಂದು ಕಲ್ಯಾಣಮಹೋತ್ಸವ ಸಿಗುವಂತಾಗಲಿ. ಇಷ್ಟಾದರೂ ಮಾಡದೆ ನಾವು ಕಲ್ಯಾಣದ ಹೆಸರು ಹೇಳುವುದು ಹೇಗೆ?

ಹರಳಯ್ಯನವರು ದಾರಿಯಲ್ಲಿ ಸಿಕ್ಕಾಗ ಶರಣು ಎಂದರಂತೆ. ಬಸವಣ್ಣನವರು ಶರಣು ಶರಣಾರ್ಥಿ ಎಂದರಂತೆ. ಒಂದು ಶರಣಾರ್ಥಿ ಹೆಚ್ಚಾಗಿ ಬಂತಲ್ಲ, ಈ ಋಣ ತೀರಿಸುವುದು ಹೇಗೆ ಎಂದು ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದರು. ಒಂದು ಪದಕ್ಕೆ ಅಷ್ಟು ಬೆಲೆ ಇದ್ದ ಕಾಲ ಅದು. ನಾವು ಅದೇ ಪದವನ್ನು ದಿನಕ್ಕೆ ಹತ್ತು ಸಲ ಬಿಟ್ಟಿಯಾಗಿ ಆಡುತ್ತೇವೆ. ಈಗ ಮತ್ತೊಮ್ಮೆ ಆಡುವಾಗ ಅದರ ಋಣ ನಮ್ಮೆಲ್ಲರ ಮೇಲೆ ಇರಲಿ.

ಶರಣು ಶರಣಾರ್ಥಿಗಳು.